ಅಳಿಲಿಗೆ ಮುಖ ಬರೆಯುವಾಕೆ

ಬೆಳಗಿನ ಐದೂಮುಕ್ಕಾಲು. ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡಿರುವ ಮೇಜಿನ ಮುಂದೆ ಕೂತ ಹೆಂಗಸೊಬ್ಬರು ಕೈಗನ್ನಡಿ ಹಿಡಿದು ಅಳುವ ಅಭ್ಯಾಸ ಮಾಡುತ್ತಿದ್ದಾರೆ. ಕೆಳತುಟಿ ಹೊರಗೆ ಬರುತ್ತದೆ. ಹುಬ್ಬುಗಳು ನಡುವೆ ಮೇಲೇರುತ್ತವೆ. ಇನ್ನು ಕಣ್ಣು ತುಂಬುವುದೊಂದು ಬಾಕಿ. ಮರುಗಳಿಗೆ ಅಷ್ಟೂ ಮಾಯ. ಕನ್ನಡಿ ಕೆಳಗಿಟ್ಟು ಪೆನ್ಸಿಲು ಎತ್ತಿಕೊಳ್ಳುತ್ತಾರೆ. ಕಾಗದದ ಮೇಲೆ ಅದೇ ಅಳುಮುಖ ಹೊತ್ತ ಅಳಿಲೊಂದು ಮೂಡುತ್ತದೆ.

ನಾನು ಬಾಗಿಲಲ್ಲೇ ನಿಂತು ನೋಡುತ್ತೇನೆ. ನಿಜ ಹೇಳಿಬಿಡುತ್ತೇನೆ, ಈ ಮನೆಗೆ ನಾನು ಒಳ್ಳೆಯ ಮನಸ್ಸಿನಿಂದ ಬಂದಿಲ್ಲ. ಮೊಬೈಲಿನೊಳಗೆ ಕುಣಿಯುವ ಕರಡಿ, ಮೊಲಗಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಕಳೆದ ತಿಂಗಳು ಹೆಜ್ಜೆ ಎಣಿಸುವ ಆ್ಯಪ್ ಒಂದನ್ನು ತೆಗೆದುಹಾಕಲು ಹೋದರೆ, ಅದರಲ್ಲಿದ್ದ ಕರಡಿಮರಿ ಗಂಟುಮೂಟೆ ಕಟ್ಟಿಕೊಂಡು ಬಿಕ್ಕತೊಡಗಿತು. ಅರವತ್ತು ದಾಟಿದ ಗಂಡಸು, ಮೂರು ಸಲ ಬೆರಳು ಹಿಂದಕ್ಕೆ ತೆಗೆದುಕೊಂಡೆ. ಆ ದರಿದ್ರ ಆ್ಯಪ್ ಇನ್ನೂ ನನ್ನ ಮೊಬೈಲಿನಲ್ಲೇ ಇದೆ. ಇಂಥ ಕಣ್ಣೀರು ಬರೆಯುವವರು ಯಾರಪ್ಪ, ಅವರನ್ನೊಮ್ಮೆ ನೋಡಿಯೇಬಿಡೋಣ ಎಂದು ಹೊರಟವನು ನಾನು. ಬಂದ ಐದೇ ನಿಮಿಷಕ್ಕೆ ಕಳ್ಳ ಮಾಲಿನ ಸಮೇತ ಸಿಕ್ಕಂತಾಗಿದೆ.

"ಬನ್ನಿ ಸರ್, ಕೂತ್ಕೊಳ್ಳಿ. ಅಯ್ಯೋ, ಆ ಕುರ್ಚಿ ಬೇಡ, ಅದು ಅತ್ತೇದು," ಎನ್ನುತ್ತಾರೆ ಚಿತ್ರಗಾರ್ತಿ.

ಅತ್ತೆ ಹಿಂದೆಯೇ ಬರುತ್ತಾರೆ. ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇಲ್ಲದವನ ಮುಖವನ್ನು ಬೋಗಿಯ ಆ ತುದಿಯಿಂದಲೇ ಗುರುತಿಸುತ್ತಿದ್ದರಂತೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪೇಪರ್‌ನವರು ಅಂತ ಗುರುತಿನ ಚೀಟಿ ಏನಾದ್ರೂ ಇದ್ಯಾ?" ಎಂದು ಕೇಳುತ್ತಾರೆ. ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡಿ, "ಫೋಟೋದಲ್ಲಿ ಕೂದಲು ಜಾಸ್ತಿ ಇದೆ," ಎಂದು ವಾಪಸು ಕೊಡುತ್ತಾರೆ.

ಚಿತ್ರಗಾರ್ತಿಗೆ ನಲವತ್ತನಾಲ್ಕು. ಗಂಡ ನಗರ ಸಾರಿಗೆಯ ಬಸ್ ಚಾಲಕ. ಮೊದಲ ಪಾಳಿಗೆ ಆಗಲೇ ಹೊರಟುಹೋಗಿದ್ದಾರೆ. ಈಕೆ ಹನ್ನೊಂದು ವರ್ಷ ಪಠ್ಯಪುಸ್ತಕದ ಮುದ್ರಣಾಲಯವೊಂದರಲ್ಲಿ ಹೂವಿನ ಭಾಗಗಳು, ಜಠರ, ಕಪ್ಪೆಯ ಜೀವನಚಕ್ರ ಬರೆದವರು. ಅದು ಮುಚ್ಚಿದ ಮೇಲೆ ಎಂಟು ತಿಂಗಳು ಮನೆಯಲ್ಲಿ ಕೂತರು. ಆಮೇಲೆ ಸಿಕ್ಕಿದ್ದು ಈ ಅಳಿಲು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ವರದಿಗಳನ್ನು ನೇರವಾಗಿ ಮೊಬೈಲಿಗೆ ತಲುಪಿಸುವ ಆ್ಯಪ್ ಒಂದರಲ್ಲಿ ಅದು ಬಾಲ ಎತ್ತಿಕೊಂಡು ಓಡಾಡುತ್ತದೆ. ಹೆದರಿದ ಜನಕ್ಕೆ ಜೊತೆಗಿರಲಿ ಎಂಬ ಲೆಕ್ಕ.

ವಾರಕ್ಕೆ ಇಪ್ಪತ್ತು ಮುಖ ಬರೆದರೆ ಒಪ್ಪಿಗೆಯಾಗುವುದು ಒಂದೋ ಎರಡೋ. ಆರು ವರ್ಷದಲ್ಲಿ ಮುನ್ನೂರ ನಲವತ್ತು ಮುಖಗಳು ಆ ಪುಟ್ಟ ಪರದೆಯನ್ನು ಹತ್ತಿವೆ. ಯಾವುದರ ಕೆಳಗೂ ಇವರ ಸಹಿ ಇಲ್ಲ. ಎದುರುಮನೆಯಾಕೆಯ ಮೊಬೈಲಿನಲ್ಲೂ ಅದೇ ಅಳಿಲಿದೆ. ಅದು ಹುಟ್ಟುವುದು ತನ್ನ ಎದುರಿನ ಕಿಟಕಿಯಲ್ಲಿ ಎಂದು ಆಕೆಗೆ ಗೊತ್ತಿಲ್ಲ.

"ಏನ್ ಕೆಲಸ ಅಂತ ಕೇಳಿದ್ರೆ ಕಂಪ್ಯೂಟರ್ ಕೆಲಸ ಅಂದ್ಬಿಡ್ತೀನಿ. ಅಳಿಲು ಬರೀತೀನಿ ಅಂದ್ರೆ ಪಾಪ ಅಂತಾರೆ," ಎಂದು ನಗುತ್ತಾರೆ.

"ಎಲ್ಲರೂ ಅಳಿಲು ಸೇವೆ ಮಾಡಿದ್ರೆ ನನ್ನ ಸೊಸೆ ಅಳಿಲಿಗೇ ಸೇವೆ ಮಾಡ್ತಾಳೆ," ಅತ್ತೆ ಒಗ್ಗರಣೆ ಹಾಕುತ್ತಾರೆ.

ಮಾತಿನ ನಡುವೆಯೂ ನನ್ನ ಕಣ್ಣು ಆ ಅಳುಮುಖದ ಮೇಲೇ ಇದೆ. ಯಾವುದಕ್ಕೆ ಇದು ಎಂದು ಕೇಳುತ್ತೇನೆ. ಆಕೆ ಮುಚ್ಚಿಡುವುದಿಲ್ಲ. ಖಾತೆ ಮುಚ್ಚುವ ಪರದೆಗೆ. 'ಹೊರಹೋಗಿ' ಎಂಬ ಗುಂಡಿಯ ಪಕ್ಕ ಅಳಿಲು ಅಳಬೇಕು ಎಂದು ಕಂಪನಿ ಹೇಳಿದೆ. ಇವತ್ತು ಬೆಳಿಗ್ಗೆ ಹತ್ತು ಗಂಟೆಯೊಳಗೆ ಕಳಿಸದಿದ್ದರೆ ಅಳಿಲನ್ನು ಬೇರೆಯವರ ಕೈಗೆ ಕೊಡುತ್ತಾರಂತೆ. ಕಾಗದಪತ್ರದ ಪ್ರಕಾರ ಅಳಿಲು ಕಂಪನಿಯದು.

ಕರಡಿಯ ನೆನಪಾಗಿ ನನ್ನ ಮೈ ಉರಿಯುತ್ತದೆ. "ಬರೀತೀರಾ?" ಎನ್ನುತ್ತೇನೆ, ಸ್ವಲ್ಪ ಒರಟಾಗಿಯೇ.

"ನಾಲ್ಕು ದಿನದಿಂದ ಅದನ್ನೇ ಬರೀತಾ ಇದೀನಿ. ಅಳಿಲು ಕೈ ತಪ್ಪಿದ್ರೆ ನನಗೆ ಇನ್ನೇನಿದೆ ಸರ್? ಆದ್ರೆ ಇವರು ಪಾಸ್ ಮಾಡ್ತಾ ಇಲ್ಲ."

ಇವರು ಎಂದರೆ ಅತ್ತೆ. ಈ ಮನೆಯ ಪದ್ಧತಿಯೇ ಹಾಗೆ. ಬರೆದ ಪ್ರತಿ ಮುಖವನ್ನೂ ಉಗುರಿನಷ್ಟಕ್ಕೆ ಕಿರಿದು ಮಾಡಿ, ಕನ್ನಡಕ ತೆಗೆದ ಅತ್ತೆಯ ಮುಂದೆ ಮೊಳದೂರದಲ್ಲಿ ಹಿಡಿಯಬೇಕು. ಅದೇನು ಮಾಡುತ್ತಿದೆ ಎಂದು ಅವರು ಒಂದೇ ಏಟಿಗೆ ಹೇಳಬೇಕು. ತಡವರಿಸಿದರೆ ಆ ಹಾಳೆ ಬುಟ್ಟಿಗೆ. ಇದು ಶುರುವಾದದ್ದು ಒಂದು ತಪ್ಪಿನಿಂದ.

ಐದು ವರ್ಷದ ಹಿಂದೆ 'ನಿಮ್ಮ ವರದಿ ಬಂದಿದೆ' ಎಂಬ ಪರದೆಗೆ ಆಕೆ ಚಪ್ಪಾಳೆ ತಟ್ಟುವ ಅಳಿಲು ಬರೆದರು. ಕಾದು ಕೂತ ವರದಿ ಬಂದರೆ ಖುಷಿ ತಾನೇ? ಕಂಪನಿಯಲ್ಲೂ ಎಲ್ಲರೂ ಶಭಾಷ್ ಅಂದರು. ಎರಡು ವಾರಕ್ಕೆ ದೂರಿನ ಡಬ್ಬಿಗೆ ಒಂದು ಪತ್ರ ಬಂತು. ಅದು ಆಕೆಗೆ ಬಾಯಿಪಾಠ. 'ನನ್ನ ತಂಗಿಯ ವರದಿ ತೆರೆಯುವ ಮೊದಲು ನಿಮ್ಮ ಅಳಿಲು ಚಪ್ಪಾಳೆ ತಟ್ಟಿತು. ಒಳಗೆ ಏನಿದೆ ಅಂತ ಅದಕ್ಕೆ ಗೊತ್ತಿತ್ತೇ?'

"ಮೂರು ದಿನ ಊಟ ಸೇರ್ಲಿಲ್ಲ," ಎನ್ನುತ್ತಾರೆ ಚಿತ್ರಗಾರ್ತಿ. "ಪರದೆಗೆ ಮುಖ ಬರೆದಿದ್ದೆ ಸರ್. ನೋಡೋರ ಮುಖ ನೋಡಿರ್ಲಿಲ್ಲ." ಅಂದಿನಿಂದ ಆ ಪರದೆಯಲ್ಲಿ ಅಳಿಲು ಬಾಲ ಇಳಿಸಿ, ವರದಿಯ ಲಕೋಟೆಯ ಕಡೆ ತಿರುಗಿ, ನೋಡುವವರ ಜೊತೆ ಸುಮ್ಮನೆ ನಿಂತಿರುತ್ತದೆ. ಅಂದಿನಿಂದಲೇ ಈಕೆಗೆ ತಾನು ಬರೆದ ಯಾವ ನಗುವಿನ ಮೇಲೂ ನಂಬಿಕೆಯಿಲ್ಲ.

ಎಂಟು ಗಂಟೆಗೆ ಇವತ್ತಿನ ಅಳುಮುಖ ಸಿದ್ಧವಾಗುತ್ತದೆ. ಚೆನ್ನಾಗಿದೆ, ಹಾಳಾದ್ದು. ಶತ್ರುವಾದ ನನಗೂ ಕರುಳು ಚುರ್ ಅನ್ನುತ್ತದೆ. ಆಕೆ ಅದನ್ನು ಕಿರಿದು ಮಾಡಿ ಹಿಡಿಯುತ್ತಾರೆ. ಅತ್ತೆ ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿ ನೋಡುತ್ತಾರೆ.

"ಏನ್ ಮಾಡ್ತಾ ಇದೆ ಅತ್ತೆ?"

"ಅಳ್ತಾ ಇಲ್ಲ ಕಣೇ. ಏನೋ ಕೇಳ್ತಾ ಇದೆ."

"ಕಣ್ಣೀರು ಕಾಣ್ತಾ ಇಲ್ವಾ?"

"ಕಾಣುತ್ತೆ. ಟಿಕೆಟ್ ಇಲ್ದಿರೋರೂ ಹೀಗೇ ಅಳ್ತಿದ್ರು. ಒಂದು ಕಣ್ಣು ದಂಡದ ರಸೀದಿ ಹಿಡಿದ ನನ್ನ ಕೈಮೇಲೆ ಇಟ್ಕೊಂಡು."

ಚಿತ್ರಗಾರ್ತಿ ಆ ಹಾಳೆಯನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕುತ್ತಾರೆ. ಹೊಸ ಹಾಳೆ ಎಳೆದುಕೊಳ್ಳುತ್ತಾರೆ. ಕನ್ನಡಿಯನ್ನು ಮುಟ್ಟುವುದಿಲ್ಲ. ಒಂದು ಬಾಗಿಲು, ಅದನ್ನು ಬೆನ್ನಿಂದ ಒತ್ತಿ ತೆರೆದು ಹಿಡಿದ ಅಳಿಲು, ಎತ್ತಿದ ಒಂದು ಕೈ. ಅತ್ತೆ ನೋಡಿದ ತಕ್ಷಣ, "ಕಳಿಸಿಕೊಡ್ತಾ ಇದೆ," ಎನ್ನುತ್ತಾರೆ. ಒಂಬತ್ತೂವರೆಗೆ ಚಿತ್ರ ಹೊರಡುತ್ತದೆ.

ಹತ್ತು ನಿಮಿಷಕ್ಕೆ ಫೋನು. ಮಾತಾಡುತ್ತಿರುವುದು ಈ ಕೆಲಸದ ಉಸ್ತುವಾರಿ ನೋಡುವ ಯುವಕ. ಆಕೆ ಸ್ಪೀಕರ್ ಹಾಕುತ್ತಾರೆ.

"ಮೇಡಂ, ಅಳೋದೆಲ್ಲಿ? ಇದು ಬಾಗಿಲು ಹಿಡ್ಕೊಂಡು ನಿಂತಿದೆಯಲ್ಲ!"

"ಹೋಗೋರಿಗೆ ಬೇಕಾಗಿರೋದು ಬಾಗಿಲು ತಾನೇ?"

"ಜನ ಹೊರಟೇಹೋಗ್ತಾರೆ ಮೇಡಂ."

"ಹೋಗ್ಲಿ ಬಿಡಿ. ವಾಸಿ ಆಗಿರಬಹುದು. ಇಲ್ಲಾಂದ್ರೆ, ವರದಿ ನೋಡ್ಬೇಕಾದೋರೇ ಇನ್ನಿಲ್ಲದೆ ಇರಬಹುದು. ಅಂಥೋರಿಗೆ ಅಳಿಲು ಅಡ್ಡ ನಿಂತು ಅಳೋದು ಚೆನ್ನಾಗಿರಲ್ಲ."

ಆ ಕಡೆ ಒಂದು ನಿಟ್ಟುಸಿರು. "ನಿಮ್ಮ ಮಾತು ನನಗರ್ಥ ಆಗುತ್ತೆ. ಮೇಲಿನವರಿಗೆ ಆಗಲ್ಲ. ಬರೋ ತಿಂಗಳಿಂದ ಬೇರೆಯವರಿಗೆ ಕೊಡ್ತಾರೆ ಮೇಡಂ. ಕೊನೇ ಸಲ ಕೇಳ್ತಿದೀನಿ."

"ಕೊಡ್ಲಿ," ಎನ್ನುತ್ತಾರೆ. ಫೋನನ್ನು ಮೇಜಿನ ಮೇಲೆ ಮಗುಚಿಡುತ್ತಾರೆ. "ಹೊಟ್ಟೆ ಉರಿಯುತ್ತೆ ಸರ್, ಸುಳ್ಳು ಯಾಕೆ ಹೇಳ್ಲಿ. ಸಾಕಿದ್ದು ನಾನು."

ಅತ್ತೆ ತಮ್ಮ ಕುರ್ಚಿಯನ್ನು ಸೊಸೆಯ ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ನನಗೋ ಹುಟ್ಟುಗುಣ ಬಿಡದು. ಪೇಪರಿನವನು ಎದುರಿಗೆ ಕೂತಿದ್ದಾನೆ ಎಂದು ಹೀಗೆ ಹೇಳಿದಿರಾ ಎಂದು ಕೇಳಿಯೇಬಿಡುತ್ತೇನೆ.

ಆಕೆಗೆ ಸಿಟ್ಟು ಬರುವುದಿಲ್ಲ. ಯೋಚಿಸುತ್ತಾರೆ. "ಇರಬಹುದು. ಯಾರಾದ್ರೂ ನೋಡ್ತಿದಾರೆ ಅಂದ್ರೆ ಧೈರ್ಯ ಒಂದು ತೂಕ ಜಾಸ್ತಿನೇ," ಎನ್ನುತ್ತಾರೆ. ಆಮೇಲೆ ನನ್ನ ಟಿಪ್ಪಣಿ ಪುಸ್ತಕದ ಕಡೆ ಕೈ ತೋರಿಸುತ್ತಾರೆ.

"ಒಂದು ಬರ್ಕೊಳ್ಳಿ ಸರ್. ಮುಂದಿನ ತಿಂಗಳು ಆ ಅಳಿಲು ಅಳೋದು ಕಂಡ್ರೆ, ಅದು ನನ್ನ ಕೈಕೆಲಸ ಅಲ್ಲ. ನನ್ನ ಹೆಸರು ಹಾಕೋದು ಬೇಡ. ಅಷ್ಟು ಬರೆದ್ರೆ ಸಾಕು."