ಕೆಂಪಿಗೆ ಏರುವ ಮುಳ್ಳು

ಮನೆಯ ಕೆಳಗೇ ಗ್ಯಾರೇಜು, ನಡುವೆ ಒಂದು ಕಬ್ಬಿಣದ ಮೆಟ್ಟಿಲು. ಬೆಳಿಗ್ಗೆ ಅದನ್ನು ಇಳಿದರೆ ಮಾವನ ಕೈಕೆಳಗೆ ಕೆಲಸ, ಸಂಜೆ ಹತ್ತಿದರೆ ಮಾವನ ಪಕ್ಕದಲ್ಲಿ ಊಟ. ಫಿಟ್ಟರಾಗಿ ಸೇರಿದವನು ಯಜಮಾನರ ಮಗಳನ್ನೇ ಮದುವೆಯಾದಾಗ ಬೀದಿಯವರೆಲ್ಲ ಅವನ ಅದೃಷ್ಟವನ್ನು ಹಾಡಿ ಹೊಗಳಿದರು. ಅಂದಿನಿಂದ ಅವನು 'ಗ್ಯಾರೇಜಳಿಯ'. ಸ್ವಂತ ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ. ಕೂಡಿಹಾಕಿದ ಹಾಗಿದೆ ಎಂದು ಅವನು ಹೆಂಡತಿಯ ಹತ್ತಿರ ಆಗಾಗ ಗೊಣಗುತ್ತಿದ್ದ.

ಮಾವ ಕೆಟ್ಟವರಲ್ಲ. ಆದರೆ ಗಾಡಿ ಬಿಸಿಯಾಗುತ್ತದೆ ಎಂದು ಯಾರೇ ಬರಲಿ, ಬಾನೆಟ್ ಎತ್ತುವ ಮೊದಲೇ "ಗೇಜ್ ಕೆಟ್ಟಿದೆ" ಎಂದುಬಿಡುವುದು ಅವರ ಚಟ. ಅದನ್ನು ಕೇಳಿದರೆ ಅಳಿಯನಿಗೆ ಮೈಯೆಲ್ಲ ಉರಿ. ಬಿಸಿ ತೋರಿಸುವ ಆ ಗೇಜಿನ ಮುಳ್ಳು ಕೆಂಪಿಗೆ ಏರಿತೆಂದರೆ ಇಂಜಿನ್ ನಿಜವಾಗಿಯೂ ಕುದಿಯುತ್ತಿದೆ ಎಂದೇ ತಿಳಿಯಬೇಕು. ನೀರು, ಫ್ಯಾನು, ಪಂಪು ಎಲ್ಲ ನೋಡಬೇಕು. ಗೇಜಿನ ಮಾತು ಎಲ್ಲಕ್ಕಿಂತ ಕಡೆಗೆ. ಇದು ಇವನ ಹಟ. ಈ ಒಂದು ವಿಷಯದಲ್ಲಿ ಇಬ್ಬರದೂ ಎಣ್ಣೆ ಸೀಗೇಕಾಯಿ. ಮಾವ ಗೇಜ್ ಅಂದರೆ ಸಾಕು, ಇವನು ಗೇಜಿನ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು ಇಡೀ ಮನೆಗೆ ಗೊತ್ತಿತ್ತು.

ಕೊನೆಗೂ ಬೇರೆ ಊರಿನ ಬಸ್ ಡಿಪೋದಲ್ಲಿ ಅವನಿಗೆ ಕೆಲಸ ಸಿಕ್ಕಿತು, ಎರಡು ಕೋಣೆಯ ಕ್ವಾರ್ಟರ್ಸ್ ಸಮೇತ. ಇವತ್ತು ಸಂಜೆಯೊಳಗೆ ಹಾಜರಾಗದಿದ್ದರೆ ಜಾಗ ಮುಂದಿನವನ ಪಾಲು. ಆದರೆ ಹೋದ ವಾರ ಕ್ವಾರ್ಟರ್ಸ್ ನೋಡಲು ಗಂಡ ಹೆಂಡತಿ ಹೊರಟಾಗಲೇ ಮನೆಯ ವ್ಯಾನು ಕೈಕೊಟ್ಟಿತ್ತು. ಮುಳ್ಳು ಕೆಂಪಿಗೆ ಏರಿ, ಅರ್ಧ ದಾರಿಯಿಂದ ವಾಪಸು. ವಾರವಿಡೀ ಅವನು ಅದರ ಬೆನ್ನು ಹತ್ತಿದ. ರೇಡಿಯೇಟರ್ ತೊಳೆದ, ಅದರ ಮುಚ್ಚಳ ಬದಲಾಯಿಸಿದ. ಬಿಸಿಯೇರಿದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟ್ಯಾಟ್ ಬಿಚ್ಚಿ ಕುದಿಯುವ ನೀರಿಗೆ ಹಾಕಿದರೆ ಅದು ಸರಿಯಾಗಿಯೇ ಬಾಯಿ ತೆರೆಯಿತು. ಆದರೂ ಹೊಸದು ಹಾಕಿದ. ಪಂಪೂ ಹೊಸದು. ಇವತ್ತು ಬೆಳಿಗ್ಗೆ ಪಾತ್ರೆ, ಹಾಸಿಗೆ, ಕಪಾಟು ಎಲ್ಲ ಹೇರಿ ಹಗ್ಗ ಬಿಗಿದು ಹೊರಟರೆ, ಪೆಟ್ರೋಲ್ ಬಂಕ್ ದಾಟುವಷ್ಟರಲ್ಲಿ ಮತ್ತೆ ಕೆಂಪು. ಹಲ್ಲು ಕಚ್ಚಿಕೊಂಡು ಗಾಡಿಯನ್ನು ಗ್ಯಾರೇಜಿಗೇ ತಿರುಗಿಸಿದ.

"ಗೇಜ್ ಒಂದ್ಸಲ ನೋಡಿ ಅಂದ್ರೆ ಕೇಳಲ್ವಲ್ಲ," ಎಂದರು ಮಾವ, ಬೇರೆ ಕಾರಿನ ಅಡಿಯಿಂದ.

"ನೀವು ಸುಮ್ನಿರಿ ಮಾವ."

"ಸುಮ್ನಿರ್ತೀನಿ. ಆದ್ರೆ ಹೊತ್ತು ಹೋಗ್ತಿದೆ ಅಳಿಯಂದ್ರೇ. ನೀವು ಬಸ್ ಹತ್ತಿ ಹೋಗಿ ಹಾಜರಾಗಿಬಿಡಿ. ಅವಳನ್ನ, ಸಾಮಾನನ್ನ ನಾನು ತಂದು ಬಿಡ್ತೀನಿ."

ಇಷ್ಟು ವರ್ಷ ತನ್ನನ್ನು ಕಟ್ಟಿಹಾಕಿದವರು ಇವರೇ ಎಂದು ಅವನು ನಂಬಿದ್ದ; ಹೊರಡುವ ದಿನ ಆಡಬೇಕಾದ ಜಗಳವನ್ನೂ ಮನಸ್ಸಿನಲ್ಲೇ ಆಡಿ ಮುಗಿಸಿದ್ದ. ಆ ಜಗಳವೆಲ್ಲ ದಂಡವಾಯಿತು.

ಸುಮ್ಮನೆ ನಿಲ್ಲಲಾರದೆ ರೇಡಿಯೇಟರಿನ ಮೇಲಿನ ಪೈಪಿಗೆ ಕೈ ಹಾಕಿದ. ಬಿಸಿ ಇತ್ತು, ಆದರೆ ಹಿಡಿದುಕೊಳ್ಳಬಹುದಾದಷ್ಟೇ. ಮುಳ್ಳು ಹೇಳುವುದು ನಿಜವಾಗಿದ್ದರೆ ಕೈಯಲ್ಲಿ ಬೊಬ್ಬೆ ಏಳಬೇಕಿತ್ತು. ಬೇರೆ ದಾರಿಯಿಲ್ಲದೆ, ಇಂಜಿನ್ನಿನ ಬಿಸಿ ಅಳೆದು ಗೇಜಿಗೆ ಹೇಳುವ ಸೆನ್ಸರಿನ ವಯರನ್ನು ಕಿತ್ತ. ಕಿತ್ತರೆ ಮುಳ್ಳು ತಳಕ್ಕೆ ಬೀಳಬೇಕು. ಅದು ಅರ್ಧದಲ್ಲೇ ನಿಂತಿತು. ವಯರನ್ನೇ ಹಿಡಿದುಕೊಂಡು ಹೋದ. ಬ್ಯಾಟರಿಯ ಹಿಂದೆ ಅದಕ್ಕೆ ಒಂದು ಸಣ್ಣ ರೆಸಿಸ್ಟರ್ ಬೆಸೆದಿತ್ತು, ಅದರ ಇನ್ನೊಂದು ಕಾಲನ್ನು ಬಾಡಿಯ ಬೋಲ್ಟಿಗೆ ಸಿಕ್ಕಿಸಿತ್ತು. ಇಂಜಿನ್ ಎಷ್ಟೇ ತಣ್ಣಗಿರಲಿ, ಮುಳ್ಳು ಇರುವುದಕ್ಕಿಂತ ಹೆಚ್ಚೇ ತೋರಿಸುವಂಥ ಉಪಾಯ.

ಬೆಸುಗೆ ಅಕ್ಕಿಕಾಳಿನಷ್ಟು, ನಯವಾಗಿ ಹೊಳೆಯುತ್ತಿತ್ತು. ಮಾವನ ಬೆಸುಗೆ ಹಕ್ಕಿ ಹಿಕ್ಕೆ ಹಾಕಿದ ಹಾಗಿರುತ್ತದೆ. ಈ ಗ್ಯಾರೇಜಿನಲ್ಲಿ ಇಷ್ಟು ಚೆಂದ ಬೆಸೆಯುವವಳು ಒಬ್ಬಳೇ. ಪರದೆಯ ಹಿಂದಿನ ಬೆಂಚಿನಲ್ಲಿ ಕೂತು ಗಿರಾಕಿಗಳ ಕಣ್ಣಿಗೆ ಬೀಳದೆ ವಯರಿಂಗ್ ಕೆಲಸವನ್ನೆಲ್ಲ ಮಾಡುವ ಅವನ ಹೆಂಡತಿ.

ಅವಳು ವ್ಯಾನಿನ ಪಕ್ಕದಲ್ಲೇ ನಿಂತಿದ್ದಳು. ಅವನು ದನಿ ತಗ್ಗಿಸಿ ಕೇಳಿದ, "ನಿಮ್ಮಪ್ಪ ಹೇಳಿ ಮಾಡಿಸಿದ್ರಾ?"

"ಅಪ್ಪಂಗೆ ಗೊತ್ತಿದ್ರೆ ಗೇಜ್ ನೋಡಿ ಅಂತ ಬಡ್ಕೋತಿದ್ರಾ? ಅವರು ಹೇಳಿದ್ದನ್ನ ನೀವು ನೋಡಲ್ಲ ಅಂತ ನಂಗೊತ್ತಿತ್ತು."

"ಬರಲ್ಲ ಅಂತ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ."

"ಹೇಳ್ದೆ. ನನ್ನ ಬೆಂಚು ಅಲ್ಲಿ ಎಲ್ಲಿಡೋದು ಅಂತ ಕೇಳ್ದೆ. ಈ ಕೊಳೆ ಕೆಲಸ ತಪ್ಪಿತು, ಇನ್ನು ಆರಾಮಾಗಿರು ಅಂತ ನಕ್ರಿ." ಅವಳು ಕೆಳಗೆ ನೋಡಿದಳು. "ಆ ಎರಡು ಕೋಣೇಲಿ ನೀವು ಬರೋವರೆಗೂ ಗೋಡೆ ನೋಡ್ಕೊಂಡು ಕೂರೋದು ನನ್ನಿಂದ ಆಗಲ್ಲ ರೀ. ಉಸಿರು ಕಟ್ಟುತ್ತೆ."

ಅವಳ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಕೂಡಿಹಾಕಿದ ಹಾಗಿದೆ ಎಂದು ಇಷ್ಟು ವರ್ಷ ಅವನು ಇವಳ ಎದುರೇ ಗೊಣಗಿದ್ದ. ಇವಳಿಗೂ ಹಾಗೆ ಆಗಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಕಿತ್ತುಹಾಕಿ," ಎಂದಳು ಅವಳು. "ಈಗ ಹೊರಟ್ರೂ ಸಂಜೆಯೊಳಗೆ ತಲುಪ್ತೀವಿ. ಬರ್ತೀನಿ, ನಡೀರಿ." ಹಾಗೆಂದು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಕೈಗಳನ್ನು ತೊಡೆಯ ಮೇಲಿಟ್ಟು ನೇರ ಮುಂದಕ್ಕೆ ನೋಡುತ್ತಿದ್ದಳು. ಎದುರಿಗಿದ್ದದ್ದು ಗ್ಯಾರೇಜಿನ ಗೋಡೆ.

ಅವನು ರೆಸಿಸ್ಟರನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ, ಸೆನ್ಸರಿನ ವಯರನ್ನು ಮೊದಲಿನ ಹಾಗೆ ಸಿಕ್ಕಿಸಿದ. ಮುಳ್ಳು ಇಳಿದು ಇರಬೇಕಾದಲ್ಲಿ ನಿಂತಿತು. ಗಾಡಿಗೆ ಯಾವ ರೋಗವೂ ಇರಲಿಲ್ಲ. ಅವನು ಗಾಜಿನಾಚೆ ಕೂತವಳನ್ನು ಬಹಳ ಹೊತ್ತು ನೋಡಿದ.

"ಏನಾಯ್ತು, ಸಿಕ್ತಾ?" ಎಂದು ಕೂಗಿದರು ಮಾವ.

"ಹೆಡ್ ಗ್ಯಾಸ್ಕೆಟ್ ಹೋಗಿದೆ ಮಾವ, ಇಂಜಿನ್ನೇ ಬಿಚ್ಬೇಕು. ಇವತ್ತು ಹೊರಡೋ ಹಾಗಿಲ್ಲ."

"ಅಯ್ಯೋ, ನೀವೊಬ್ರಾದ್ರೂ ಬಸ್ಸಿಗೆ ಹೋಗಿ. ಕೆಲಸ ಕೈತಪ್ಪಿ ಹೋಗುತ್ತಲ್ಲ."

ಅವನು ಸಾಮಾನಿಗೆ ಬಿಗಿದಿದ್ದ ಹಗ್ಗದ ಗಂಟು ಬಿಚ್ಚತೊಡಗಿದ. ಅವಳು ಇಳಿದು ಬಂದು ಇನ್ನೊಂದು ತುದಿ ಹಿಡಿದಳು. ಅವನು ಅವಳ ಮುಖ ನೋಡಲಿಲ್ಲ. ಇವತ್ತೊಂದು ದಿನ ಅದು ಅವನಿಂದ ಆಗುತ್ತಿರಲಿಲ್ಲ.