ಎಡಗಡೆಯ ಬೆಂಗಳೂರು

ಮಲ್ಲೇಶ್ವರದಿಂದ ಗವಿಪುರಂಗೆ ಎಂಟು ಕಿಲೋಮೀಟರ್ ಇರಬಹುದು. ಬೆಳಿಗ್ಗೆ ಒಂಬತ್ತಕ್ಕೆ ಅತ್ತೆಯನ್ನು ಕರೆದುಕೊಂಡು ಹೊರಟೆ. ಮೋಡವಿತ್ತು, ಮಳೆಯಿರಲಿಲ್ಲ. ಆಧಾರ್ ತೋರಿಸಿದರೆ ಹೆಂಗಸರಿಗೆ ಬಸ್ಸು ಉಚಿತ.

ಮೂರು ತಿಂಗಳ ಹಿಂದೆ ಅತ್ತೆಗೆ ಸಣ್ಣ ಸ್ಟ್ರೋಕ್ ಆಗಿತ್ತು. ಮಾತು ಮೊದಲಿನಷ್ಟೇ ಚುರುಕು, ಬಲಗೈಯೂ ಸರಿಯಾಗಿದೆ. ಎಡಗಡೆ ಎನ್ನುವುದು ಮಾತ್ರ ಅವರ ಪಾಲಿಗೆ ಇಲ್ಲ. ಬಾಗಿಲಿಗೆ ಕಮಲದ ರಂಗೋಲಿ ಹಾಕಿದರೆ ಬಲಗಡೆಯ ದಳಗಳಷ್ಟೇ ಬರುತ್ತವೆ, ಪೂರ್ತಿಯಾಯಿತೆಂದು ಎದ್ದುಬಿಡುತ್ತಾರೆ. ಅವರು ಒಳಗೆ ಹೋದಮೇಲೆ ಉಳಿದರ್ಧವನ್ನು ನಾನು ಸದ್ದಿಲ್ಲದೆ ಮುಗಿಸುತ್ತಿದ್ದೆ. ಮುಂದಿನ ವಾರ ಗೌರಿ ಹಬ್ಬ. "ಗೌರಿ ಮುಂದೆ ನಾನೇ ಹಾಕೋದು. ನಿನ್ನ ಕಾನ್ವೆಂಟ್‌ನಲ್ಲಿ ಇಂಗ್ಲಿಷ್ ಪದ್ಯ ಕಲಿಸಿದ್ರು, ರಂಗೋಲಿಯಲ್ಲ" ಎಂದು ಅತ್ತೆಯ ಹಟ. ಆಗುತ್ತದೋ ಇಲ್ಲವೋ, ಡಾಕ್ಟರನ್ನೇ ಕೇಳೋಣವೆಂದು ಈ ಪ್ರಯಾಣ.

ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಿದೆವು. ಚಾಮರಾಜಪೇಟೆಯುದ್ದಕ್ಕೂ ಅತ್ತೆ ಬಲಗಡೆಯ ಅಂಗಡಿಗಳ ಬೋರ್ಡುಗಳನ್ನೇ ಓದಿದರು.

ಗಾಂಧಿ ಬಜಾರಿನಲ್ಲಿ ಇಳಿದು ಇಡ್ಲಿ ತಿಂದೆವು. "ಈ ಹೋಟೆಲಲ್ಲಿ ಪ್ಲೇಟಿಗೆ ಒಂದೇ ಇಡ್ಲಿಯೇನೇ?" ಎಂದರು. ನಾನು ತಟ್ಟೆಯನ್ನು ಮೆಲ್ಲಗೆ ತಿರುಗಿಸಿದೆ. "ಓ, ಕೇಳೋದ್ರೊಳಗೇ ಇನ್ನೊಂದು ಇಟ್ರಲ್ಲ!"

ಅಲ್ಲಿಂದ ಆಟೋದಲ್ಲಿ ಗವಿಪುರಂ. ಡಾಕ್ಟರಮ್ಮನ ಮೇಜಿನ ಮೇಲೆ ರೋಗಿಗಳು ಬಿಡಿಸಿದ ಚಿತ್ರಗಳಿದ್ದವು: ಅರ್ಧ ಗಡಿಯಾರ, ಅರ್ಧ ಮನೆ. "ಕಣ್ಣಿನ ತೊಂದರೆಯಲ್ಲ. ಮಿದುಳು ಆ ಕಡೆ ಗಮನ ಕೊಡ್ತಿಲ್ಲ. ಚಿತ್ರ ಬಿಡಿಸಿದ್ರೆ ಬೇಗ ಗೊತ್ತಾಗತ್ತೆ" ಎಂದು ನನಗೆ ಹೇಳಿ, ಅತ್ತೆಯ ಕಡೆ ತಿರುಗಿದರು. "ಮುಂಚೆ ಯಾವ ರಂಗೋಲಿ ಹಾಕ್ತಿದ್ರಿ?"

"ಎಳೆ ರಂಗೋಲಿ. ಈಗ ಇವಳು ಬಿಡಲ್ಲ, ಕಷ್ಟ ಆಗತ್ತಂತೆ."

ಸುಲಭವಾಗಲೆಂದು ಕಮಲ ಹಾಕಿಸುತ್ತಿದ್ದವಳು ನಾನೇ. ಡಾಕ್ಟರಮ್ಮ ಸ್ಲೇಟಿನ ಮೇಲೆ ಚುಕ್ಕಿಗಳನ್ನಿಟ್ಟು ಬಳಪ ಕೊಟ್ಟರು. ಅತ್ತೆ ಬಲಗಡೆಯಿಂದ ಎಳೆ ಹೊರಡಿಸಿ, ಚುಕ್ಕಿಗಳನ್ನು ಸುತ್ತುತ್ತ ನಡುವಿಗೆ ಬಂದು ನಿಂತರು. "ಆಯ್ತು." ಸ್ಲೇಟು ತಿರುಗಿಸಲು ನಾನು ಕೈ ಚಾಚಿದೆ. ಅಷ್ಟರಲ್ಲಿ ಅವರೇ ಹುಬ್ಬು ಗಂಟಿಕ್ಕಿದರು. "ಎಲ್ಲಿ ಆಯ್ತು? ಎಳೆ ಬಾಯಿ ಬಿಟ್ಕೊಂಡಿದೆಯಲ್ಲ! ಹೊರಟಲ್ಲಿಗೇ ಬಂದು ಸೇರ್ಬೇಕು." ಬಳಪ ತಡವರಿಸಿತು, ಆಮೇಲೆ ಎಡಕ್ಕೆ ಹೋಯಿತು. ಎರಡು ಚುಕ್ಕಿ ಬಿಟ್ಟುಹೋದರೂ ಎಳೆ ಸುತ್ತಿಕೊಂಡು ಬಂದು ಸೇರಿತು.

"ಕೈಗೆ ದಾರಿ ಗೊತ್ತಿತ್ತು, ಗಮನವನ್ನೂ ಎಳ್ಕೊಂಡು ಹೋಯ್ತು. ವಾಸಿಯಾಯ್ತು ಅಂದ್ಕೋಬೇಡಿ, ದಿನಾ ಹಾಕಿಸಿ. ಕೊನೇವರೆಗೂ ಬೆರಳಿಂದ ಹಿಂಬಾಲಿಸೋದು ಅಭ್ಯಾಸ ಆಗ್ಲಿ" ಎಂದರು ಡಾಕ್ಟರಮ್ಮ. "ಹಬ್ಬಕ್ಕೆ?" ಎಂದೆ. "ಧಾರಾಳವಾಗಿ ಹಾಕ್ಲಿ!"

ವಾಪಸ್ಸು ಬರುವಾಗ, ಬೆಳಿಗ್ಗೆ ಎಡಕ್ಕಿದ್ದ ಬದಿ ಅತ್ತೆಯ ಬಲಕ್ಕೆ ಬಂದಿತ್ತು. "ಇಷ್ಟೊಂದು ಅಂಗಡಿ ಬೆಳಿಗ್ಗೆ ಇರ್ಲಿಲ್ಲ ಕಣೇ!"

"ಇದ್ವು ಅತ್ತೆ, ಅದೇ ರೋಡು."

ಮನೆ ಬಾಗಿಲಲ್ಲಿ ಬೆಳಗಿನ ಕಮಲ ಹಾಗೇ ಇತ್ತು. ಅತ್ತೆ ನಿಂತು, ಬೆರಳು ನೀಡಿ, ಬಲಗಡೆಯಿಂದ ಒಂದೊಂದೇ ದಳ ಹಿಂಬಾಲಿಸಿದರು. ಬೆರಳು ನಡು ದಾಟಿ ಎಡಕ್ಕೆ ಹೋಗಿ ತಟ್ಟನೆ ನಿಂತಿತು.

"ಈ ಕಡೆ ಯಾರೇ ಹಾಕಿದ್ದು? ಇಷ್ಟು ಸೊಟ್ಟಗೆ!"

ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಅತ್ತೆಯ ಹತ್ತಿರ ಬೈಸಿಕೊಂಡು ಇಷ್ಟು ಸಂತೋಷವಾಗಿದ್ದು ಅವತ್ತೇ.