ಬೇಡವೆಂದು ಬರೆದುಕೊಟ್ಟ ದನಿ

ನಮ್ಮದು ಮಲಯಾಳಂ ಆಡಳಿತ ಭಾಷೆಯಾಗಿರುವ ಗಡಿನಾಡಿನಲ್ಲಿ, ಕುಂಬಳೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ಒಳಗೆ ಹೋದರೆ ಸಿಗುವ ಕನ್ನಡ ಮಾಧ್ಯಮ ಶಾಲೆ. ನಾನಲ್ಲಿ ವಿಜ್ಞಾನದ ಟೀಚರ್. ಕಂಪ್ಯೂಟರ್ ಕೋಣೆಯ ಬೀಗದ ಕೈಯೂ ನನ್ನ ಚೀಲದಲ್ಲೇ ಇರುತ್ತದೆ. ಎಂಟನೆಯ ತರಗತಿಯಲ್ಲಿ ಕಣ್ಣು ಕಾಣದ ಒಬ್ಬಳು ಹುಡುಗಿ ಇದ್ದಾಳೆ. ಅವಳಿಗಾಗಿ ಪಾಠಗಳನ್ನು ಟೈಪ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿಡುತ್ತೇನೆ. ಅದರೊಳಗಿನ ಓದುವ ತಂತ್ರಾಂಶ ಗಟ್ಟಿಯಾಗಿ ಓದುತ್ತದೆ, ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಾಳೆ. ಅರ್ಥವಾಗದಿದ್ದರೆ ಹಿಂದೆ ಹೋಗುತ್ತಾಳೆ, ಸಾಕಾದರೆ ನಿಲ್ಲಿಸುತ್ತಾಳೆ. ಯಾರ ಮುಲಾಜೂ ಇಲ್ಲ.

ಆ ತಂತ್ರಾಂಶದ ಹೊಸ ಆವೃತ್ತಿ ಹಾಕಲೆಂದು ಒಯ್ದಿದ್ದ ಲ್ಯಾಪ್‌ಟಾಪುಗಳನ್ನು ಶಿಕ್ಷಣ ಇಲಾಖೆಯ ಕಚೇರಿಯವರು ಒಂದು ಗುರುವಾರ ತಂದುಕೊಟ್ಟರು. ಶುಕ್ರವಾರ ಬೆಳಿಗ್ಗೆಯೇ ಅವಳು ನನ್ನನ್ನು ಹುಡುಕಿಕೊಂಡು ಬಂದಳು.

"ಟೀಚರ್, ಇದು ಇಂಗ್ಲಿಷ್ ಓದ್ತದೆ. ಕನ್ನಡ ಬಂದ ಕೂಡಲೇ ಬಾಯಿ ಮುಚ್ಚಿ ಕೂತ್ಕೊಳ್ತದೆ."

"ಎರಡು ದಿನ ಪಕ್ಕದವಳು ಓದಿ ಹೇಳಲಿ."

"ಅವಳು ಅವಳಿಗೆ ಬೇಕಾದ್ದನ್ನು ಮಾತ್ರ ಓದುವುದು. ಸೋಮವಾರ ಸಮಾಜ ಪರೀಕ್ಷೆ ಉಂಟು ಟೀಚರ್. ಮೂರು ಪಾಠ ನಾನು ಕೇಳಿಯೇ ಇಲ್ಲ."

ಕಚೇರಿಗೆ ಫೋನ್ ಮಾಡಿದೆ. ಲ್ಯಾಪ್‌ಟಾಪುಗಳ ಉಸ್ತುವಾರಿಯವನಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

"ಟೀಚರೇ, ಆ ಸಾಫ್ಟ್‌ವೇರ್ ತುಂಡು ತುಂಡಾಗಿ ಇರುವುದು. ಒಂದೊಂದು ಭಾಷೆಗೆ ಒಂದೊಂದು ಮಾಡ್ಯೂಲ್. ಬೇಡದ್ದನ್ನು ಬಿಟ್ಟಿದ್ದೇವೆ."

"ಬೇಡ ಅಂತ ಹೇಳಿದ್ದು ಯಾರು?"

"ನಿಮ್ಮ ಶಾಲೆಯೇ. ಫಾರಂ ನನ್ನ ಎದುರೇ ಉಂಟು. ಇನ್ನು ಮುಂದಿನ ವರ್ಷದ ಆವೃತ್ತಿಯಲ್ಲಿ ನೋಡುವ."

ಕಡತ ತೆಗೆದು ಪ್ರತಿಯನ್ನು ನೋಡಿದೆ. ನನ್ನದೇ ಅಕ್ಷರ. ಮಲಯಾಳದ ಫಾರಂ ಬಂದರೆ ಬೇಗ ಓದಬಲ್ಲವರು ಎಲ್ಲರ ಪರವಾಗಿ ತುಂಬಿ ಕಳುಹಿಸುವುದು ನಮ್ಮ ಸ್ಟಾಫ್ ರೂಮಿನ ರೂಢಿ. ಆ ಸಲ ನನ್ನ ಪಾಳಿಗೆ ಬಂದಿತ್ತು. ಬೇಕಾದ ಭಾಷೆಗಳು ಎಂಬಲ್ಲಿ ಮಲಯಾಳಂ, ಇಂಗ್ಲಿಷ್ ಎಂದು ಎರಡು ಚೌಕ. ಮೂರನೆಯದು 'ಇತರ'. ಅದಕ್ಕಾದರೆ ಬೇರೆ ಹಾಳೆಯಲ್ಲಿ ಕಾರಣ ಬರೆದು ಲಗತ್ತಿಸಬೇಕು. ಊಟದ ಗಂಟೆ ಹೊಡೆದಿತ್ತು, ಮೊದಲ ಎರಡಕ್ಕೆ ಗುರುತು ಹಾಕಿ ಕೊಟ್ಟುಬಿಟ್ಟಿದ್ದೆ. ಕನ್ನಡ ಶಾಲೆಗೆ ಕಳುಹಿಸುವ ಫಾರಂನಲ್ಲಿ ಕನ್ನಡಕ್ಕೊಂದು ಚೌಕ ಹಾಕದವರ ಮೇಲೆ ಮೈಯೆಲ್ಲ ಉರಿಯಿತು. ನಾಲ್ಕು ಸಾಲು ಬರೆಯಲು ಸೋಮಾರಿಯಾದ ನನ್ನ ಮೇಲೆ ಇನ್ನೂ ಹೆಚ್ಚು ಉರಿಯಿತು.

ಆ ತಂತ್ರಾಂಶದ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಸಾಲುಗಳು, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದದ್ದು. ಸಿದ್ಧ ಉಡುಪು ಸಿಗದಿದ್ದರೆ ಬಟ್ಟೆ ತಂದು ಹೊಲಿದುಕೊಳ್ಳಬೇಕು, ಅಷ್ಟೇ. ಮಧ್ಯಾಹ್ನದ ಪೀರಿಯಡ್‌ಗಳು ಮುಗಿದ ಮೇಲೆ ಹೊಲಿಯಲು ಕುಳಿತೆ.

ಮೊದಲ ಹಂತ ಕಾನ್ಫಿಗರ್ ಮಾಡುವುದು. ಲ್ಯಾಪ್‌ಟಾಪಿನಲ್ಲಿ ಏನೇನಿದೆ ಎಂದು ಅದು ತಡಕಿ ನೋಡಿ, ಯಾವ ಮಾಡ್ಯೂಲ್ ಸೇರುತ್ತದೆ, ಯಾವುದು ಇಲ್ಲ ಎಂದು ಕೊನೆಗೆ ಪಟ್ಟಿ ಕೊಡುತ್ತದೆ. ಕನ್ನಡದ ಎದುರು 'ಆಫ್' ಎಂದಿತ್ತು. ಸೆಟ್ಟಿಂಗ್ ಇರುವ ಕಡತ ತೆರೆದು 'ಆನ್' ಎಂದು ತಿದ್ದಿ ಮತ್ತೆ ಓಡಿಸಿದೆ. ಆಫ್. ಮತ್ತೊಮ್ಮೆ ಓಡಿಸಿದೆ. ಆಫ್. ಐದನೆಯ ಸಲ ಮೇಜಿಗೆ ಗುದ್ದಿದ್ದು ಪಕ್ಕದ ಸ್ಟಾಫ್ ರೂಮಿಗೆ ಕೇಳಿಸಿ ಗಣಿತದ ಮಾಷ್ಟ್ರು ಚಾದ ಗ್ಲಾಸು ಹಿಡಿದುಕೊಂಡೇ ಬಂದರು. ಅವರು ಮನೆಯಲ್ಲಿ ಕೊಂಕಣಿ, ತರಗತಿಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ ಮಾತಾಡುವವರು.

"ಎಂತ ಟೀಚರ್, ಕಂಪ್ಯೂಟರಿಗೂ ಪೆಟ್ಟಾ? ಮಕ್ಕಳಿಗೆ ಹೊಡೆಯಲಿಕ್ಕಿಲ್ಲ ಅಂತ ಇದಕ್ಕಾ?"

"ಮಾಷ್ಟ್ರೇ, ತಮಾಷೆ ಬೇಡ. ನಾನು ಹೌದು ಅಂತೇನೆ, ಇದು ಇಲ್ಲ ಅಂತದೆ."

ಅವರು ಗ್ಲಾಸು ಕಿಟಕಿಯಲ್ಲಿಟ್ಟು ಕೋಡಿನ ಜೊತೆ ಬಂದಿದ್ದ ಸೂಚನೆಗಳನ್ನು ನಿಧಾನವಾಗಿ ಓದಿದರು. "ಮೊದಲು ಸಿಕ್ಕಿದ ಉತ್ತರವನ್ನು ಇದು ಒಂದು ಫೋಲ್ಡರಿನಲ್ಲಿ ಬರೆದಿಟ್ಟುಕೊಳ್ತದೆ ಮಾರಾಯ್ರೆ. ಮತ್ತೆ ನೀವು ತಿದ್ದಿದ್ದನ್ನು ನೋಡುವುದೇ ಇಲ್ಲ. ಆ ಫೋಲ್ಡರನ್ನೇ ಅಳಿಸಿ ಶುರು ಮಾಡಬೇಕು."

ಅಳಿಸಿದೆ. ಕನ್ನಡ 'ಆನ್' ಆಯಿತು. ಎರಡನೆಯ ಹಂತ ಬಿಲ್ಡ್, ತುಂಡುಗಳನ್ನೆಲ್ಲ ಸೇರಿಸಿ ಹೊಲಿಯುವುದು. ಹತ್ತು ನಿಮಿಷ ಓಡಿ ನಿಂತಿತು, ಕನ್ನಡದ ಫೋಲ್ಡರಿನಲ್ಲಿ ಏನೂ ಇರಲಿಲ್ಲ. ಭಾಷೆಗಳ ಕಡತಗಳನ್ನು ಬೇರೆಯಾಗಿಯೇ ಇಳಿಸಿಕೊಳ್ಳಬೇಕಿತ್ತು. ಶಾಲೆಯ ಇಂಟರ್ನೆಟ್ ಅಷ್ಟರಲ್ಲಿ ಹೋಗಿತ್ತು. ಮಾಷ್ಟ್ರು ತಮ್ಮ ಮೊಬೈಲನ್ನು ಸಿಗ್ನಲ್ ಸಿಗುವ ಕಿಟಕಿಯ ಸರಳಿಗೆ ಕರವಸ್ತ್ರದಲ್ಲಿ ಕಟ್ಟಿ ನೆಟ್ ಕೊಟ್ಟರು. ಕೊನೆಯ ಬಸ್ಸಿಗೆ ಮೊದಲು ಅದು ಮುಗಿಯಲಿಲ್ಲ. ಶನಿವಾರ ರಜೆ, ಆದರೂ ಬಂದೆ. ಹೊಲಿಗೆಗೆ ಬೇಕಾದ 'ಹೆಡರ್' ಎಂಬ ಒಂದು ಸಣ್ಣ ಕಡತ ಇಲ್ಲವೆಂದಿತು, ಹುಡುಕಿ ಹಾಕಿದೆ. ಹನ್ನೊಂದು ಗಂಟೆಗೆ ಶೇಕಡಾ ನೂರು.

ಫೋನ್ ಮಾಡಿ ಹೇಳಿದ ಮೇಲೆ ಮಧ್ಯಾಹ್ನ ಹುಡುಗಿಯನ್ನು ಅವಳ ಅಮ್ಮ ಕರೆತಂದರು. ಇಯರ್‌ಫೋನ್ ಕೊಟ್ಟೆ. ಅವಳು ತಲೆ ಓರೆ ಮಾಡಿ ಕೇಳಿದಳು.

"ಇದಕ್ಕೆ ಶೀತ ಆಗಿದೆಯಾ ಟೀಚರ್?"

"ಓದ್ತದಾ ಇಲ್ವಾ, ಅದನ್ನು ಹೇಳು."

"ಓದ್ತದೆ." ವೇಗ ಹೆಚ್ಚಿಸಿಕೊಂಡಳು. ನನಗೊಂದು ಪದವೂ ಹಿಡಿಯಲಾಗದಷ್ಟು ವೇಗ. ಸ್ವಲ್ಪ ಹೊತ್ತಿನ ಮೇಲೆ, "ಟೀಚರ್, ನೀವು ಉಸಿರು ಬಿಡುವುದು ಕೇಳ್ತದೆ. ಆಚೆ ಕೂತ್ಕೊಳ್ತೀರಾ?" ಎಂದಳು. ಹೊರಗೆ ಹೋಗಿ ಅವಳ ಅಮ್ಮನ ಪಕ್ಕ ಬೆಂಚಿನಲ್ಲಿ ಕುಳಿತೆ. ನಾಲ್ಕು ಗಂಟೆಯವರೆಗೆ ಮೂರು ಪಾಠವನ್ನೂ ಅವಳು ಒಬ್ಬಳೇ ಓದಿದಳು.

ಸೋಮವಾರ ಅವಳು ಪರೀಕ್ಷೆಗೆ ಕುಳಿತಿದ್ದಾಗ ನಾನೇ ಕಚೇರಿಗೆ ಫೋನ್ ಮಾಡಿದೆ. ಬಿಲ್ಡ್ ಮಾಡಿದ್ದು ನನ್ನಲ್ಲಿದೆ, ಬೇರೆ ಕನ್ನಡ ಶಾಲೆಗಳಿಗೂ ಕೊಡಿ ಎಂದೆ.

"ಹೊರಗಿನದ್ದನ್ನು ಹಾಕಲಿಕ್ಕೆ ನಿಯಮ ಇಲ್ಲ ಟೀಚರೇ. ಮೊದಲು ಅದನ್ನು ತೆಗೀರಿ."

"ತೆಗೆದರೆ ಆ ಹುಡುಗಿ ನಾಳೆ ಎಂತ ಮಾಡಬೇಕು?"

"ಅದು ನನಗೆ ಗೊತ್ತಿಲ್ಲ. ನಿಯಮ ಹೇಳಿದ್ದು."

"ಹಾಗಾದರೆ ನೀವೇ ಬನ್ನಿ. ಅವಳು ಕೇಳ್ತಾ ಕೂತಿರುವಾಗ, ಅವಳ ಎದುರೇ ತೆಗೀರಿ. ನಾನು ಮುಟ್ಟುವುದಿಲ್ಲ."

ಫೋನ್ ಇಟ್ಟು, ಕೋಣೆಯಲ್ಲಿದ್ದ ಉಳಿದ ಲ್ಯಾಪ್‌ಟಾಪುಗಳನ್ನೂ ಒಂದೊಂದಾಗಿ ತೆರೆದು ಕನ್ನಡ ಹಾಕಲು ಕುಳಿತೆ.